ಬಿಲ್ಲು ಯಾರ ಹೆಸರಿಗೆ

ಬೈತಖೋಲದಿಂದ ವಾಮನ ತಾಂಡೇಲ ಸೈಕಲ್ಲು ತುಳಿದು ಬಂದ.
ಸ್ಟ್ಯಾಂಡು ಹಾಕುವ ಮೊದಲೇ ಅಂದ:
ಏಳೂವರೆಗೆ ಸರಿಯಾಗಿ, ಇನಾಸ,
ವಾರ್ತೆ ಓದುವವಳ ಮುಖಕ್ಕೆ
ಯಾರೋ ಉಪ್ಪು ಎರಚಿದ ಹಾಗೆ.
ಅವಳು ಬಾಯಿ ತೆರೆದರೆ ಬರುವುದು
ಬಾಣಲೆಯಲ್ಲಿ ಮೀನು ಹುರಿಯುವ ಸದ್ದು.

ಗೋಡೆಯಾಚೆ ಗುರುದಾಸನ ಮಿಕ್ಸಿ.
ತಮ್ಮನ ಹೆಂಡತಿ ಬೇಕೆಂತಲೇ
ಅದೇ ಹೊತ್ತಿಗೆ ಕಾಯಿ ರುಬ್ಬುತ್ತಾಳಂತೆ.
ಹೇಳಿ ಮುಗಿಸುವಾಗ ನನ್ನ ಮೇಜಿನ ಸ್ಕ್ರೂಡ್ರೈವರು
ಅವನ ಮುಷ್ಟಿಯಲ್ಲಿತ್ತು. ಮೆಲ್ಲಗೆ ಬಿಡಿಸಿಕೊಂಡೆ.

ಹೋದವನು ಮೊದಲು ಏಣಿ ಹತ್ತಿದೆ.
ಕಾರವಾರದಲ್ಲಿ ರೋಗ ಯಾವುದೇ ಇರಲಿ
ಮೊದಲ ಅನುಮಾನ ಉಪ್ಪುಗಾಳಿಯ ಮೇಲೆ.
ಆಂಟೆನಾ ಪಣಜಿಯ ಕಡೆಗೇ ಮುಖ ಮಾಡಿತ್ತು,
ಒಂದು ಕಡ್ಡಿ ಮಾತ್ರ ಕಾಗೆ ಕೂತು ಕೂತು ಬಾಗಿತ್ತು.
ತಂತಿಯ ತುದಿಯನ್ನು ಹೊಳೆಯುವವರೆಗೆ ಕೆರೆದೆ.
ಕೆಳಗಿಂದ ಕೂಗು: ಇಲ್ಲ ಮಾರಾಯ, ಹಾಗೇ ಉಂಟು!

ಬೂಸ್ಟರ್ ಕಳಚಿದೆ. ಟ್ಯೂಬ್‌ಲೈಟು ಆರಿಸಿದೆ.
ಫ್ಯಾನಿನ ರೆಗ್ಯುಲೇಟರು, ಮೀಟರಿನ ಹಲಗೆ,
ಅದರ ಹಿಂದಿನ ಗುಬ್ಬಿಗೂಡು ಕೂಡ ನೋಡಿದೆ.
ಬಂದರಿನ ಐಸ್ ಕಾರ್ಖಾನೆಯ ಮೋಟಾರು
ಎರಡು ದಿನದಿಂದ ಕೆಟ್ಟು ನಿಂತಿತ್ತು, ಅದೂ ನಿರಪರಾಧಿ.

ಉಳಿದದ್ದು ಮಿಕ್ಸಿ.
ಆಚೆಮನೆಯ ಬಾಗಿಲು ತಟ್ಟಿದೆ. ಸುಲಕ್ಷಾ
ಒಂದು ಮಾತಾಡದೆ ಅದನ್ನು ಎತ್ತಿ ತಂದಳು, ಆಮೇಲೆ ಮಾತಾಡಿದಳು:
ಒಯ್ಯಿ, ಅವರ ಟೀವಿಯ ನೆತ್ತಿಯ ಮೇಲೇ ಇಟ್ಟು ತಿರುಗಿಸು!
ತಿರುಗಿಸಿದೆ. ಆರು ವರ್ಷದ ಮೇಲೆ
ಆ ಮನೆಯ ವಸ್ತುವೊಂದು ಈ ಮನೆಯ ಪ್ಲಗ್ಗಿಗೆ ಬಂದಿತ್ತು.
ಎರಡು ಸಣ್ಣ ಗೆರೆ, ಬಳೆ ಗೀರಿದಷ್ಟು.
ವಾಮನ ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಆಚೆ ಗುರುದಾಸ
ನಾಳೆಯ ಅಂಗಿಗೆ ಇಸ್ತ್ರಿಪೆಟ್ಟಿಗೆ ಹಚ್ಚಿದ,
ಈಚೆ ಪರದೆಯ ತುಂಬ ಉಪ್ಪು ಸುರಿಯಿತು.
ಇಸ್ತ್ರಿಪೆಟ್ಟಿಗೆಯೊಳಗೆ ತಿರುಗುವಂಥದ್ದೇನಿಲ್ಲ.
ಮತ್ತೆ ಕಿಡಿ ಎಲ್ಲಿಯದು?

ಚೀಲದಿಂದ ಟ್ರಾನ್ಸಿಸ್ಟರ್ ತೆಗೆದೆ.
ಎರಡು ಸ್ಟೇಶನ್ನುಗಳ ನಡುವಿನ ಖಾಲಿ ಜಾಗಕ್ಕೆ ಮುಳ್ಳು ತಂದು
ಕೂಸಿನ ಹಾಗೆ ಎದೆಗೆ ಹಿಡಿದು
ಗೋಡೆಗುಂಟ ನಡೆಯಬೇಕು.
ಎಲ್ಲಿ ಹೆಚ್ಚು ಅಳುತ್ತದೋ ಅಲ್ಲಿ ನೋವು.

ಅತ್ತದ್ದು ನಡುಗೋಡೆಯ ಹತ್ತಿರ.
ಹಿಸ್ಸೆಯಾದ ವರ್ಷ ಎಬ್ಬಿಸಿದ ಗೋಡೆ,
ಈಚೆ ನೀಲಿ ಬಣ್ಣ, ಆಚೆ ಹಸಿರು.

ಎರಡೂ ಕಡೆಯ ಮೇನ್ ಆರಿಸಿ ಅಂದೆ.
ಯಾರು ಮೊದಲು? ಅದಕ್ಕೇ ಕಾಲು ತಾಸು.
ಕೊನೆಗೆ ಮೂರು ಎಣಿಸಿದೆ.
ಕತ್ತಲಾಯಿತು. ರೇಡಿಯೋ ಬಾಯಿ ಮುಚ್ಚಿತು.
ಸಮುದ್ರ ಕೇಳಿಸಿತು, ಅಷ್ಟು ಹೊತ್ತು ಎಲ್ಲಿತ್ತೋ.

ಈಚೆಯಿಂದ ಒಂದು ಟಾರ್ಚು, ಆಚೆಯಿಂದ ಒಂದು.
ಗಾರೆ ಕೆರೆದರೆ ಹಳೆಯ ಮರದ ಡಬ್ಬಿ,
ಅದರ ಮೇಲೇ ಗೋಡೆ ಕಟ್ಟಿ ಹೋಗಿದ್ದ ಮೇಸ್ತ್ರಿ.
ಒಳಗೆ ತಂತಿಗೆ ತಂತಿ ತಿರುಚಿ
ಬಲೆಯ ನೂಲಿನಿಂದ ಬಿಗಿದ ಗಂಟು.
ತಾಮ್ರ ಹಸಿರುಗಟ್ಟಿ, ಹಿಡಿತ ಸಡಿಲಾಗಿ
ಆಚೆ ಭಾರ ಬಿದ್ದಾಗಲೆಲ್ಲ ಕಿಡಿಯುಗುಳಿ
ಡಬ್ಬಿಯ ಒಳಗೆಲ್ಲ ಮಸಿ.
ಇನ್ನೊಂದು ತಿಂಗಳಲ್ಲಿ ಮನೆ ಸುಡುತ್ತಿತ್ತು ಅಂದೆ.
ಯಾವ ಮನೆ ಅಂತ ಯಾರೂ ಕೇಳಲಿಲ್ಲ.

ಅಪ್ಪನ ಗಂಟು ಇದು, ಅಂದ ಗುರುದಾಸ.
ದೋಣಿಗೆ ಹಾಕುವಂಥದ್ದು, ಅಂದ ವಾಮನ
ತಮ್ಮನಿಗಲ್ಲ, ಟಾರ್ಚಿಗೆ.

ಬಿಚ್ಚಲು ಬರಲಿಲ್ಲ. ಕತ್ತರಿಸಿದೆ.
ಪಿಂಗಾಣಿ ಕನೆಕ್ಟರ್ ಹಾಕಿ ಸ್ಕ್ರೂ ಬಿಗಿದು ಮೇನ್ ಎತ್ತಿಸಿದಾಗ
ವಾರ್ತೆ ಮುಗಿದು ಕೋಳಿಸಾಕಣೆಯ ಪಾಠ ನಡೆದಿತ್ತು.
ಕೋಳಿಯ ಗರಿ ಒಂದೊಂದಾಗಿ ಎಣಿಸಬಹುದಿತ್ತು.

ನಲವತ್ತೈದು ರೂಪಾಯಿ.
ಅವನ ಟೀವಿ, ಅಂದ ತಮ್ಮ.
ಅವನ ಇಸ್ತ್ರಿ, ಅಂದ ಅಣ್ಣ.
ಮೀಟರಿನ ಕೆಳಗೆ ಮೊಳೆಗೆ ಚುಚ್ಚಿದ್ದ ಕಾರ್ಡು ನೋಡಿ,
ಕಾರ್ಬನ್ ಹಾಳೆ ಸರಿಪಡಿಸಿ ಬರೆದೆ:
ಪುರ್ಸೊ ತಾಂಡೇಲ, ಬೈತಖೋಲ. ಜಾಯಿಂಟು ಒಂದು.

ಹಣ ಇನ್ನೂ ಬಂದಿಲ್ಲ.
ಬಂಗಡೆ ಬಂದಿದೆ, ಎರಡು ಸಲ,
ಬೇರೆ ಬೇರೆ ಚೀಲದಲ್ಲಿ.